ಅವ್ವನ ಟ್ರಂಕಿನಲ್ಲಿದ್ದ ಕಾರ್ಡು

ಇದೆಲ್ಲ ಹೀಗೇ ನಡೆಯಿತೆಂದು ನಾನು ಆಣೆ ಮಾಡಿ ಹೇಳಲಾರೆ. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ರಸಾಯನಶಾಸ್ತ್ರ ಓದಿದವನಿಗೆ ಅಳೆದದ್ದನ್ನು ಬಿಟ್ಟು ಬೇರೇನನ್ನೂ ನಂಬದ ಚಟ ಅಂಟಿಕೊಂಡಿರುತ್ತದೆ, ನೆನಪನ್ನು ಅಳೆಯಲು ಮಾತ್ರ ಯಾವ ಉಪಕರಣವೂ ಇಲ್ಲ. ಆದರೆ ಹೋದ ತಿಂಗಳು ಮಿರ್ಲೆಯ ರೈತರೊಬ್ಬರು ಬಾಟಲಿಯಲ್ಲಿ ಬೋರ್‌ವೆಲ್ ನೀರು ತಂದು, ಅದರ ಜೊತೆಗೆ ಜೇಬಿನಿಂದ ಒಂದು ವಿಸಿಟಿಂಗ್ ಕಾರ್ಡು ತೆಗೆದು ನನ್ನ ಮೇಜಿನ ಮೇಲಿಟ್ಟರು. ನನ್ನದೇ ಕಾರ್ಡು. ಹಳೆಯದು. ಅಚ್ಚಾಗಿದ್ದ ನಂಬರಿನ ಮೇಲೆ ನೀಲಿ ಪೆನ್ನಿನ ಗೀರು, ಕೆಳಗೆ ನನ್ನ ಈಗಿನ ನಂಬರು. ಆ ಅಕ್ಷರ ನನ್ನದಲ್ಲ. ಒಂದು ಮೂಲೆಯಲ್ಲಿ ಹಳದಿ ಕಲೆ.

“ಇದು ಎಲ್ಲಿ ಸಿಕ್ತು?”

“ಗೊತ್ತಿಲ್ಲ ಸಾ. ಅವ್ವ ಟ್ರಂಕಿಂದ ತೆಗ್ದು ಕೊಟ್ಲು. ಬೇಳೆ ಬೇಯ್ತಿಲ್ಲ, ಓಗಿ ನೀರು ತೋರ್ಸ್ಕೊಂಡು ಬಾ ಅಂದ್ಲು.”

ಕಾರ್ಡನ್ನು ನನ್ನ ಹತ್ತಿರವೇ ಬಿಟ್ಟುಹೋಗಲು ಕೇಳಿದೆ. ಅವರು ಅನುಮಾನಿಸಿದರು. “ರಿಪೋರ್ಟ್ ತಕ್ಕಳಕ್ಕೆ ಬಂದಾಗ ವಾಪಸ್ ಕೊಡಿ ಸಾ. ಅವ್ವ ಕೇಳ್ತಾಳೆ.”

ಅವರು ಹೋದ ಮೇಲೆ ಕಾರ್ಡನ್ನು ಮೂಸಿ ನೋಡಿದೆ. ಮೂಗಿಗೆ ಬಂದದ್ದು ನುಸಿಗುಳಿಗೆಯ ವಾಸನೆ. ನೆನಪಿಗೆ ಬಂದದ್ದು ಸೀಮೆಎಣ್ಣೆಯದು...

ಹುಣಸೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಈ ಕಾರ್ಡು ಅಚ್ಚಾದ ಪ್ರೆಸ್ ಇತ್ತು. ಅದರ ಮಾಲೀಕರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಅವರು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಯಂತ್ರದ ರೋಲರ್ ಒರೆಸುತ್ತಲೇ ಮಾತಾಡುತ್ತಿದ್ದರು. ಕನ್ನಡಕದ ಒಂದು ಕಡೆ ದಾರ ಕಟ್ಟಿತ್ತು... ಅಥವಾ ಅದು ಬೇರೆ ಯಾರದೋ ಕನ್ನಡಕವೋ ಏನೋ. ನಾನಾಗ ಎಂ.ಎಸ್ಸಿ. ಮುಗಿಸಿ, ಎಲ್ಲೂ ಕೆಲಸ ಹತ್ತದೆ, ಮಣ್ಣು ಮತ್ತು ನೀರು ಪರೀಕ್ಷೆ ಮಾಡುವ ಸಣ್ಣ ಕೋಣೆಯೊಂದನ್ನು ತೆರೆದಿದ್ದೆ. ತಿಂಗಳುಗಟ್ಟಲೆ ಯಾರೂ ಬರಲಿಲ್ಲ. ಹೊಗೆಸೊಪ್ಪು ನಾಟಿ ಮಾಡುವ ಕಾಲಕ್ಕೂ ಜನ ಬಾರದಿದ್ದರೆ ಬೀಗ ಹಾಕುವುದೆಂದು ತೀರ್ಮಾನಿಸಿದ್ದೆ. ಅಷ್ಟರಲ್ಲಿ ರಿಪೋರ್ಟ್ ಹಾಳೆ ಅಚ್ಚು ಹಾಕಿಸಲು ಅವರಲ್ಲಿಗೆ ಹೋದೆ.

“ರಿಪೋರ್ಟ್ ಕೇಳೋರು ಮೊದ್ಲು ಬರ್ಲಿ ಡಾಕ್ಟ್ರೇ,” ಎಂದರು. ಮಣ್ಣಿನ ಡಾಕ್ಟರು ಎಂಬುದು ಅವರೇ ಇಟ್ಟ ಹೆಸರು. “ಕಾರ್ಡ್ ಮಾಡ್ಸಿ.”

“ಎಲ್ಲರ ಹತ್ರಾನೂ ಫೋನ್ ಇದೆ ಸಾಹೇಬ್ರೇ. ನಂಬರ್ ಹಾಕ್ಕೊತಾರೆ.”

“ಫೋನು ಗಂಡಸಿನ ಜೇಬಲ್ಲಿ ಇರ್ತದೆ ಕಣ್ರೀ. ಕಾರ್ಡು ಮನೇಲಿರ್ತದೆ. ನೀರು ಕೆಟ್ಟಿದೆ ಅಂತ ಮೊದ್ಲು ಗೊತ್ತಾಗೋದು ಯಾರಿಗೆ? ಬೇಳೆ ಬೇಯ್ಸೋರಿಗೆ.”

ಹೀಗೇ ಅಂದರೇ, ಅಥವಾ ಮಿರ್ಲೆಯವರ ಮಾತು ಕೇಳಿದ ಮೇಲೆ ನಾನು ಬೇಳೆಯನ್ನು ಅವರ ಬಾಯಿಗೆ ಹಾಕುತ್ತಿದ್ದೇನೆಯೇ? ತಿಳಿಯದು. ಅಂತೂ ಕಾರ್ಡು ಮಾಡಿಸಿದೆ.

ಅವರದೊಂದು ಪದ್ಧತಿಯಿತ್ತು. ಲಗ್ನಪತ್ರಿಕೆಗಳನ್ನು ಅಚ್ಚು ಹಾಕಿ ಗಂಟು ಕಟ್ಟುವಾಗ ಅಡುಗೆಯವರ, ಶಾಮಿಯಾನದವರ, ವಾಲಗದವರ ಕಾರ್ಡುಗಳನ್ನು ಪತ್ರಿಕೆಗಳ ನಡುವೆ ಸೇರಿಸಿಬಿಡುತ್ತಿದ್ದರು. ಕೋಟೆ, ಪಿರಿಯಾಪಟ್ಟಣದಂಥ ಪಕ್ಕದ ತಾಲ್ಲೂಕುಗಳಿಂದಲೂ ಜನ ಅವರಲ್ಲೇ ಪತ್ರಿಕೆ ಮಾಡಿಸುತ್ತಿದ್ದುದರಿಂದ ಕಾರ್ಡುಗಳು ಅಷ್ಟು ದೂರವೂ ಹೋಗುತ್ತಿದ್ದವು. ಯಾರೂ ಹೇಳಿ ಮಾಡಿಸುತ್ತಿದ್ದುದಲ್ಲ. ನನ್ನವನ್ನೂ ಸೇರಿಸುತ್ತೇನೆ ಎಂದಾಗ ನಗು ಬಂತು.

“ಮದುವೆಗೂ ಮಣ್ಣಿಗೂ ಏನ್ರೀ ಸಂಬಂಧ?”

“ಮದ್ವೆ ಮುಗಿಸ್ಕೊಂಡು ಜನ ಮತ್ತೆ ಜಮೀನಿಗೇ ಅಲ್ವಾ ಸ್ವಾಮಿ ಹೋಗೋದು?”

ಅವರು ನಿಜವಾಗಿ ಸೇರಿಸಿದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ತಮಾಷೆಗೆ ಹೇಳಿದ್ದಿರಬಹುದು. ಆ ವರ್ಷ ಜನ ಬಂದದ್ದಂತೂ ನಿಜ. ಪಿರಿಯಾಪಟ್ಟಣದ ಹೊಗೆಸೊಪ್ಪಿನವರು, ಕೋಟೆಯ ಕಡೆ ಜಮೀನು ಗುತ್ತಿಗೆ ಹಿಡಿದು ಶುಂಠಿ ಹಾಕಿದ್ದ ಮಲಯಾಳಿಗಳು. ನನ್ನ ಕೋಣೆಯ ಬೆಂಚಿನ ಮೇಲೆ ಜಾಗ ಸಾಲದಾಯಿತು. ಕೂತು ಊರಿನ ಸುದ್ದಿಯೆಲ್ಲ ಮಾತಾಡುತ್ತಿದ್ದರು, ಪರೀಕ್ಷೆ ಮುಗಿದ ಮೇಲೂ ಏಳುತ್ತಿರಲಿಲ್ಲ. ನನ್ನ ವಿಷಯ ಹೇಗೆ ಗೊತ್ತಾಯಿತೆಂದು ನಾನು ಒಬ್ಬರನ್ನೂ ಕೇಳಲಿಲ್ಲ. ರಸ್ತೆಗೆ ಹಾಕಿಸಿದ್ದ ದೊಡ್ಡ ಬೋರ್ಡು ನೋಡಿಯೇ ಬಂದರೆಂದುಕೊಂಡೆ.

ಕೆಲವು ವರ್ಷಗಳಲ್ಲಿ ಎಲ್ಲವೂ ಫೋನಿನಲ್ಲೇ ಆಗತೊಡಗಿತು. ನನ್ನ ನಂಬರೂ ಬದಲಾಯಿತು. ಮನೆಯಲ್ಲಿ ಅರ್ಧ ಪೆಟ್ಟಿಗೆ ಹಳೆಯ ಕಾರ್ಡು ಉಳಿದಿತ್ತು. ಮಸಿ ಒರೆಸುವುದಕ್ಕಾದರೂ ಆದೀತೆಂದು ಅದಷ್ಟನ್ನೂ ಸಾಹೇಬರಿಗೆ ಒಯ್ದು ಕೊಟ್ಟೆ. ಹೊಸದು ಅಚ್ಚು ಹಾಕಲೇ ಎಂದು ಕೇಳಿದರು. ಆ ಹೊತ್ತಿಗೆ ಅವರಿಗೆ ಕೆಲಸ ಕಡಿಮೆಯಾಗಿತ್ತು. ಲಗ್ನಪತ್ರಿಕೆಗೂ ಜನ ಮೈಸೂರಿಗೆ ಹೋಗತೊಡಗಿದ್ದರು. ನನಗದು ಗೊತ್ತಿತ್ತು. ಪ್ರೆಸ್ಸಿನಲ್ಲಿ ಇನ್ನೂ ಇಬ್ಬರು ಕುಳಿತಿದ್ದರು. ಅವರ ಮುಂದೆಯೇ ಹೇಳಿದೆ: “ಕಾರ್ಡ್ ನೋಡಿ ಬಂದೋರು ಎಷ್ಟು ಜನ ಸಾಹೇಬ್ರೇ? ಒಬ್ಬರನ್ನ ತೋರಿಸಿ, ಮಾಡಿಸ್ತೀನಿ.”

ರೋಲರ್ ಒರೆಸುತ್ತಿದ್ದ ಕೈ ನಿಂತಿತು. ನಿಂತಿತೆಂದು ಈಗ ಅನ್ನಿಸುತ್ತದೆ...

“ಎಲ್ಲಿಂದ ತೋರ್ಸ್ಲಿ, ಬುಡಿ ಸಾರ್,” ಎಂದರು. ಅವರು ನನ್ನನ್ನು ಸಾರ್ ಎಂದು ಕರೆದದ್ದು ಅದೊಂದೇ ಸಲ. ಬಟ್ಟೆ ಕೆಳಗಿಟ್ಟು, “ಹೊಸ ನಂಬರ್ ಹೇಳಿ, ಇರ್ಲಿ,” ಎಂದು ನೀಲಿ ಪೆನ್ನಿನಲ್ಲಿ ಎಲ್ಲೋ ಬರೆದುಕೊಂಡರು.

ಮತ್ತೆ ಆ ಓಣಿಗೆ ನಾನು ಹೋಗಲಿಲ್ಲ. ಜಗಳವೇನಿರಲಿಲ್ಲ, ಕೆಲಸವಿರಲಿಲ್ಲ ಅಷ್ಟೆ. ಎರಡೋ ಮೂರೋ ವರ್ಷದ ಮೇಲೆ ಟೀ ಅಂಗಡಿಯಲ್ಲಿ ಯಾರೋ ಹೇಳಿದರು, ಸಾಹೇಬರು ತೀರಿಕೊಂಡು ತಿಂಗಳಾಯಿತೆಂದು. ಒಂದೇ ಊರು, ನಡೆದರೆ ಹತ್ತು ನಿಮಿಷ. ನೋಡಲು ಹೋದರೆ ಪ್ರೆಸ್ಸಿನ ಬಾಗಿಲಿಗೆ ಬಾಡಿಗೆಗಿದೆ ಎಂಬ ಚೀಟಿ ಅಂಟಿಸಿದ್ದರು. ಪೆನ್ನಿನಲ್ಲಿ ಬರೆದದ್ದು.

ಈಗ ಮಣ್ಣು ಬಸ್ಸಿನಲ್ಲಿ ಪಾರ್ಸಲ್ ಬರುತ್ತದೆ, ರಿಪೋರ್ಟು ಫೋನಿನಲ್ಲಿ ಹೋಗುತ್ತದೆ. ಕೆಲಸಕ್ಕೆ ಕೊರತೆಯಿಲ್ಲ. ಬೆಂಚಿನ ಮೇಲೆ ನನ್ನ ಹೆಲ್ಮೆಟ್ ಕೂತಿರುತ್ತದೆ. ಕೆಲವು ದಿನ ಸಂಜೆ ಬಾಗಿಲು ಹಾಕುವಾಗ, ಬೆಳಗಿನಿಂದ ಯಾರೊಡನೆಯೂ ಬಾಯಿಬಿಟ್ಟು ಮಾತಾಡಿಲ್ಲವೆಂಬುದು ಅರಿವಾಗುತ್ತದೆ. ಮಿರ್ಲೆಯವರು ಬಂದು ಕೂತದ್ದು ಎಷ್ಟು ದಿನದ ಮೇಲೋ.

ಅವರು ರಿಪೋರ್ಟಿಗೆ ಬರುವ ಹಿಂದಿನ ದಿನ ಕಾರ್ಡನ್ನು ಮತ್ತೆ ಮೇಜಿನ ಮೇಲಿಟ್ಟುಕೊಂಡೆ. ನಂಬರು ಬದಲಾದ ಮೇಲೆ ಈ ಕಾರ್ಡನ್ನು ನಾನು ಯಾರಿಗೂ ಕೊಟ್ಟಿಲ್ಲ, ಉಳಿದದ್ದೆಲ್ಲ ಸಾಹೇಬರ ಹತ್ತಿರವೇ ಇತ್ತು. ಹಾಗಾದರೆ ಕೂತು ಒಂದೊಂದರ ಮೇಲೂ ಹಳೆಯ ನಂಬರು ಹೊಡೆದು ಹೊಸದು ಬರೆದರೇ? ನಾನು ಹಾಗೆ ಅಂದ ಮೇಲೂ? ಒಂದೇ ಕಾರ್ಡಿನಿಂದ ಅಷ್ಟು ದೊಡ್ಡ ತೀರ್ಮಾನಕ್ಕೆ ಬರಬಾರದು. ಹಳದಿ ಕಲೆ ಟ್ರಂಕಿನ ತುಕ್ಕಿರಬಹುದು, ಮಣ್ಣಿರಬಹುದು. ಆದರೆ ನಮ್ಮ ಕಡೆ ಲಗ್ನಪತ್ರಿಕೆಯ ಗಂಟನ್ನು ದೇವರ ಮುಂದಿಟ್ಟು ಪತ್ರಿಕೆಗಳ ಮೂಲೆಗೆ ಅರಿಶಿನ ಹಚ್ಚುತ್ತಾರೆ. ಗಡಿಬಿಡಿಯಲ್ಲಿ ಹಚ್ಚುವ ಕೈ ಯಾವುದು ಪತ್ರಿಕೆ, ಯಾವುದು ಬೇರೆ ಎಂದು ನೋಡುವುದಿಲ್ಲ.

ಸುಣ್ಣದ ತಿಳಿನೀರು ತೆಗೆದುಕೊಂಡು ಆ ಮೂಲೆಗೆ ಒಂದೇ ಹನಿ ಬಿಟ್ಟೆ. ತುಕ್ಕಾಗಿದ್ದರೆ ಹಾಗೇ ಇರಬೇಕಿತ್ತು. ಕೆಂಪಾಯಿತು, ಆರತಿ ನೀರಿನ ಹಾಗೆ. ಕಲೆ ಅರಿಶಿನದ್ದೇ.