ತೋಳನ ಮೂರನೆಯ ಭಾಗ

ಬೇಕಾದ ವಸ್ತುವನ್ನು ನೇರವಾಗಿ ನೋಡಬೇಡಿ. ಪಕ್ಕದ್ದನ್ನು ನೋಡಿ, ಅದರ ಬೆಲೆ ಕೇಳಿ, ಬೇಡವೆಂದು ಏಳಿ, ಚಪ್ಪಲಿ ಮೆಟ್ಟುವಾಗ ತಿರುಗಿ ‘ಅದೆಂತ ಅಲ್ಲಿ?’ ಎನ್ನಿ. ಉಡುಪಿಯಲ್ಲಿ ಹಳೆ ಕಾಗದದ ವ್ಯಾಪಾರ ಮಾಡಿ ಮನೆ ಕಟ್ಟಿಸಿದವನು ನಾನು. ಆ ಮನೆಯ ಅಡಿಪಾಯ ಈ ಒಂದು ಪಾಠದ ಮೇಲೆ ನಿಂತಿದೆ. ಆದರೆ ಒಂದು ಸಲ, ಶಿರ್ವದ ಒಂದು ಮನೆಯ ಜಗಲಿಯಲ್ಲಿ, ನನಗೆ ಈ ಪಾಠ ಪೂರ್ತಿ ಮರೆತುಹೋಯಿತು. ಅದಕ್ಕೆ ಕಾರಣ ಒಂದು ತೋಳ.

ಪ್ಲಾಸ್ಟಿಕ್ ಚೀಲ ಇಲ್ಲದ ಕಾಲ ಅದು. ಸಕ್ಕರೆ, ಮೆಣಸು, ಒಣಮೀನು, ಎಲ್ಲವೂ ಕಾಗದದ ಪೊಟ್ಟಣದಲ್ಲಿ. ಮಣಿಪಾಲದ ಗುಡ್ಡದ ಮೇಲೆ ಹಾಸ್ಟೆಲುಗಳು ಎದ್ದಾಗ ಊರಿನವರು ಅಲ್ಲಿ ಡಾಕ್ಟರಾಗುವ ಮಕ್ಕಳನ್ನು ಕಂಡರು, ನಾನು ರದ್ದಿ ಕಂಡೆ. ಅಲ್ಲಿಂದ ತಂದ ಕಟ್ಟುಗಳನ್ನು ಬಸ್ಸಿನ ಮೇಲೆ ಹಾಕಿ ಕಾರ್ಕಳದ, ಬಜಗೋಳಿಯ ಅಂಗಡಿಗಳಿಗೆ ಕೊಡುತ್ತಿದ್ದೆ. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇಂಗ್ಲಿಷ್ ಬಂದದ್ದೂ ಆ ಕಟ್ಟುಗಳಿಂದಲೇ. ತರುಣರಿಗೆ ಒಂದು ಮಾತು: ಮಾರುವ ಮೊದಲು ನಿಮ್ಮ ಸರಕನ್ನು ಓದಿ. ಅದರಿಂದ ಯಾರಿಗೂ ನಷ್ಟವಿಲ್ಲ.

ಒಮ್ಮೆ ಬೊಂಬಾಯಿಯ ಕಡೆಯ ಒಬ್ಬ ಹುಡುಗ ಪರೀಕ್ಷೆ ಮುಗಿಸಿ ಹೊರಡುವಾಗ ಕೊಟ್ಟ ಕಟ್ಟಿನಲ್ಲಿ ಎರಡು ಬಣ್ಣದ ಚಿತ್ರಕಥೆಗಳಿದ್ದವು. ಅಮೆರಿಕದವು. ಒಂದೇ ಕಥೆಯ ಒಂದನೆಯ ಮತ್ತು ಎರಡನೆಯ ಭಾಗ. ನಾಯಕ ಮುಸುಕು ಹಾಕಿದ ಒಬ್ಬ ಪತ್ತೇದಾರ. ಮನೆಗಳ ಮಾಡಿನಿಂದ ಮಾಡಿಗೆ ಹಾರುವವನು, ಗೋಡೆಯ ಮೇಲಿನ ನೆರಳು ಒಂದನ್ನು ನೋಡಿಯೇ ಆಳು ಯಾರೆಂದು ಹೇಳುವ ಶಕ್ತಿಯುಳ್ಳವನು. ಅವನ ಮುಖ ಇಡೀ ಪಟ್ಟಣದಲ್ಲಿ ಒಬ್ಬರೂ ಕಂಡದ್ದಿಲ್ಲ. ಕಂಡ ದಿನ ಅವನ ಕೆಲಸ ಮುಗಿಯಿತು. ಆ ಪಟ್ಟಣದಲ್ಲಿ ಹುಣ್ಣಿಮೆಗೊಮ್ಮೆ ಒಂದು ಮೃಗ ಜನರನ್ನು ಸೀಳುತ್ತದೆ. ಪತ್ತೇದಾರ ಅದನ್ನು ಬೆನ್ನಟ್ಟಿ ಬೆಳ್ಳಿಯ ಗುಂಡು ತುಂಬಿದ ಪಿಸ್ತೂಲು ಎತ್ತುತ್ತಾನೆ. ಎದುರಿಗೆ ಹಲ್ಲು ಕಿರಿದ ತೋಳ. ಆದರೆ ಗೋಡೆಯ ಮೇಲೆ ಬಿದ್ದ ನೆರಳು ಮನುಷ್ಯನದ್ದು, ಒಂದು ಭುಜ ಬಾಗಿದ ನೆರಳು. ಅದು ಅವನನ್ನು ಸಾವಿನಿಂದ ಉಳಿಸಿದ ಡಾಕ್ಟರ್ ಗೆಳೆಯನ ನೆರಳು! ಅಲ್ಲಿಗೆ ಎರಡನೆಯ ಭಾಗ ಮುಗಿಯುತ್ತದೆ. ಗುಂಡು ಹಾರಿತೇ ಇಲ್ಲವೇ ಗೊತ್ತಿಲ್ಲ.

ಆ ಡಾಕ್ಟರು ತೋಳನಾಗುವುದನ್ನು ಆರು ಚೌಕಗಳ ಚಿತ್ರದಲ್ಲಿ ತೋರಿಸಿದ್ದರು. ಮೊದಲ ಚೌಕದಲ್ಲಿ ಬೆರಳು ಮಾತ್ರ ಸೆಟೆದಿದೆ. ಕೊನೆಯದರಲ್ಲಿ ಮನುಷ್ಯನದ್ದೆಂದು ಉಳಿದದ್ದು ಕಣ್ಣು ಒಂದೇ. ಗೋಣಿಯ ಮೇಲೆ ಕೂತು ಆ ಪುಟವನ್ನು ಮತ್ತೆ ಮತ್ತೆ ತಿರುವಿ ನೋಡಿದೆ. ಯಾಕೆಂದರೆ ಅದು ನನಗೆ ಗೊತ್ತಿದ್ದ ಸಂಗತಿ.

ಹರೆಯದಲ್ಲಿ ನಾನು ಕೃಷ್ಣಾಷ್ಟಮಿಗೆ ಹುಲಿವೇಷ ಹಾಕುತ್ತಿದ್ದೆ. ಮೈಗೆಲ್ಲ ಹಳದಿ ಬಳಿದು, ಅದು ಒಣಗಿದ ಮೇಲೆ ಕಪ್ಪು ಪಟ್ಟೆ ಎಳೆಯುತ್ತಾರೆ. ಒಣಗುವವರೆಗೆ ಕೈ ಚಾಚಿ ನಿಂತೇ ಇರಬೇಕು. ಚರ್ಮ ಬಿಗಿಯುತ್ತದೆ, ಉರಿಯುತ್ತದೆ. ಆಮೇಲೆ ತಾಸೆ ವಾದ್ಯದ ಪೆಟ್ಟು ಬಿದ್ದದ್ದೇ ಒಳಗಿನಿಂದ ಯಾರೋ ಎದ್ದು ನಿಲ್ಲುತ್ತಾರೆ. ನಾನು ಚೌಕಾಸಿ ಮಾಡುವ ಮನುಷ್ಯ, ಭ್ರಮೆಗೆ ಬೀಳುವವನಲ್ಲ. ಆದರೂ ಹೇಳುತ್ತೇನೆ, ಆ ಎದ್ದವನು ನಾನಲ್ಲ. ಕುಣಿದು ಮನೆಗೆ ಬಂದರೆ ಅಮ್ಮ ಹಿತ್ತಿಲಲ್ಲಿ ತೆಂಗಿನೆಣ್ಣೆ, ಸೀಮೆಎಣ್ಣೆ, ಹಳೆ ಬಟ್ಟೆ ಹಿಡಿದು ಕಾದಿರುತ್ತಿದ್ದರು. ಮೊದಲು ಮುಖ. ಮುಖ ಒರೆಸದೆ ನೀರೂ ಕೊಡುತ್ತಿರಲಿಲ್ಲ. ಕೊನೆಗೆ ಕಿವಿ ಮಡಚಿ ಹಿಂದೆ ಗಸಗಸ ತಿಕ್ಕುವರು. “ಹುಲಿ ಹೋಗಿ ಕೂತುಕೊಳ್ಳುವುದು ಇಲ್ಲಿಯೇ ಮಗಾ. ಇಲ್ಲಿ ಬಣ್ಣ ಉಳಿದರೆ ಅದು ಉಳಿದ ಹಾಗೆ.”

ಹಾಗಾಗಿ ಪುಸ್ತಕ ಸಿಕ್ಕಿದ ಸಂಜೆ ಅದನ್ನು ಅಮ್ಮನ ಮುಂದೆ ಬಿಡಿಸಿದೆ. ಅವರಿಗೆ ಓದು ಬಾರದು. ಮನೆಯ ಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಇದು ನಾಯಿಯಾ ಮಗಾ?”

“ನಾಯಿ ಅಲ್ಲ ಅಮ್ಮ, ತೋಳ.”

“ಕಿವಿ, ಬಾಲ ಎಲ್ಲ ನಾಯಿಯದ್ದೇ ಉಂಟು. ಪ್ಯಾಂಟ್ ಯಾಕೆ ಹಾಕಿದೆ?”

“ಅವನು ಡಾಕ್ಟರು.”

“ಡಾಕ್ಟರಿಗೇ ಹೀಗಾದರೆ ಮದ್ದು ಕೊಡುವವರು ಯಾರು?” ಎಂದರು. ಕಥೆ ಪೂರ್ತಿ ಹೇಳಿದ ಮೇಲೆ ಕೇಳಿದರು, “ಅವನ ಮುಖ ಒರೆಸಲಿಕ್ಕೆ ಮನೆಯಲ್ಲಿ ಯಾರೂ ಇಲ್ವಾ?”

ಗುಂಡು ಹಾರಿತೇ ಎಂದು ಅವರು ಕೇಳಲೇ ಇಲ್ಲ. ಅಂದಿನಿಂದ ನಾನು ಮಣಿಪಾಲಕ್ಕೆ ಹೊರಟಾಗಲೆಲ್ಲ ಬಾಗಿಲಲ್ಲಿ ನಿಂತು ಅದೊಂದೇ ವಿಚಾರ: “ಸಿಕ್ಕಿದರೆ ನೋಡು ಮಗಾ, ಅವನ ಮುಖ ಯಾರು ಒರೆಸಿದರು ಅಂತ.” ನಾನು ಹಾಸ್ಟೆಲಿನ ಕೋಣೆ ಕೋಣೆ ವಿಚಾರಿಸಿದೆ. ಕಾರ್ಕಳದ ಅಂಗಡಿಗಳಲ್ಲಿ ಪೊಟ್ಟಣ ಕಟ್ಟುವವರ ಕೈ ನೋಡುತ್ತಾ ನಿಂತೆ. ಮೂರನೆಯ ಭಾಗ ಎಲ್ಲಿಯೂ ಇಲ್ಲ.

ಆಮೇಲೆ ಒಂದು ಬೇಸಿಗೆ, ಕಾಪುವಿನಿಂದ ಒಳದಾರಿಯಲ್ಲಿ ಶಿರ್ವಕ್ಕೆ ಹೋಗಿದ್ದೆ. ಅಲ್ಲಿ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಒಬ್ಬರು ಬಾಯಮ್ಮ, ಕ್ರಿಶ್ಚಿಯನ್ ಹೆಂಗಸರನ್ನು ನಾವು ಕರೆಯುವುದು ಹಾಗೆ, ಇಗರ್ಜಿಯ ಹಿಂದಿನ ಮನೆಯಲ್ಲಿ ಇದ್ದರು. ಅವರ ಗಂಡ ಹಡಗಿನಲ್ಲಿ ಅಡುಗೆಯವರು. ರದ್ದಿ ಉಂಟು ಎಂದು ಪುನಃ ಹೇಳಿ ಕಳುಹಿಸಿದ್ದರು. ಜಗಲಿಯಲ್ಲಿ ತಕ್ಕಡಿ ಬಿಚ್ಚಿದೆ. ಕಿಟಕಿಯ ದಂಡೆಯ ಮೇಲೆ, ಪ್ರಾರ್ಥನೆಯ ಪುಸ್ತಕದ ಅಡಿಯಿಂದ ಒಂದು ಬಣ್ಣದ ರಟ್ಟಿನ ಮೂಲೆ ಕಾಣುತ್ತಿತ್ತು. ಬೂದುಬಣ್ಣದ ಮುಸುಕು, ಎತ್ತಿದ ಪಿಸ್ತೂಲು, ಪಕ್ಕದಲ್ಲಿ ಮೂರು ಎಂಬ ಅಂಕಿ.

ಪಕ್ಕದ್ದನ್ನು ನೋಡಬೇಕಿತ್ತು. ನಾನು ತಕ್ಕಡಿ ಕೈಬಿಟ್ಟೆ.

“ಬಾಯಮ್ಮ, ಅದು ನನಗೆ ಬೇಕು. ಎಷ್ಟಾದರೂ ಆಗಲಿ.”

ಅವರು ಕನ್ನಡಕ ಸರಿಮಾಡಿಕೊಂಡರು. “ಎಷ್ಟಾದರೂ ಅಂತ ನೀವು ಹೇಳುವುದಾ? ಹೋದ ಸಲ ಅರ್ಧ ಸೇರು ತೂಕಕ್ಕೆ ಒಂದು ಗಂಟೆ ನನ್ನ ತಲೆ ತಿಂದವರು? ಇದರಲ್ಲಿ ಎಂತ ಉಂಟು ಮಾರಾಯ್ರೇ, ಚಿನ್ನವಾ?”

“ಅದರ ಮೊದಲ ಎರಡು ಭಾಗ ನನ್ನ ಹತ್ತಿರ ಉಂಟು.”

ಅವರ ಮುಖ ಬದಲಾಯಿತು. ಪುಸ್ತಕ ತೆಗೆದು ಎದೆಗೆ ಒತ್ತಿಕೊಂಡರು. “ಹಾಗಾದರೆ ಹೇಳಿ. ಈ ಮುಸುಕಿನವನು ಕಳ್ಳ ಅಲ್ವಾ?”

“ಕಳ್ಳ ಅಲ್ಲ ಬಾಯಮ್ಮ, ಪತ್ತೇದಾರ.”

“ಪತ್ತೇದಾರನಿಗೆ ಮುಖ ಮುಚ್ಚುವ ಕೆಲಸ ಎಂತ? ನಾನು ಎಷ್ಟೋ ಸಲ ಓದಿದೆ. ಪಾಪದ ಒಂದು ಪ್ರಾಣಿಯನ್ನು ಈ ಕಳ್ಳ ಗಂಟೆಗೋಪುರದವರೆಗೆ ಓಡಿಸಿಕೊಂಡು ಬಂದ, ಕೊನೆಗೆ ಅವನೇ ಅಳುತ್ತಾನೆ. ಯಾಕೆ ಅಳುವುದು ಅಂತ ನನಗೆ ಅರ್ಥವೇ ಆಗಲಿಲ್ಲ ನೋಡಿ.”

ಗಂಡ ಯಾವುದೋ ಬಂದರಿನಿಂದ ತಂದದ್ದಂತೆ, ಅದೊಂದೇ. ಮೊದಲು ಎಂತ ಆಗಿತ್ತೆಂದು ಅವರು ಅಷ್ಟು ಕಾಲ ತಲೆ ಕೆಡಿಸಿಕೊಂಡಿದ್ದರು. ಆಮೇಲೆ ಎಂತ ಆಯಿತೆಂದು ನಾನು. ಮಾರಲು ಒಪ್ಪಲಿಲ್ಲ. ನನ್ನ ಎರಡನ್ನು ಕೊಡುತ್ತೀರಾ ಎಂದರು, ನಾನೂ ಒಪ್ಪಲಿಲ್ಲ. ಇಬ್ಬರಿಗೂ ಬೇಕೇ ಬೇಕು ಎಂದಿರುವಲ್ಲಿ ವ್ಯಾಪಾರ ಆಗುವುದಿಲ್ಲ, ಇದನ್ನು ಬರೆದಿಟ್ಟುಕೊಳ್ಳಿ. ಕೊನೆಗೆ ಬಾಯಮ್ಮನೇ ದಾರಿ ಹೇಳಿದರು. “ನೀವು ಹಿಂದಿನದ್ದು ಹೇಳಿ, ನಾನು ಮುಂದಿನದ್ದು ಓದುತ್ತೇನೆ. ಪುಟ ಮುಟ್ಟಲಿಕ್ಕಿಲ್ಲ.”

ನಾನು ಹೇಳಿದೆ. ನೆರಳಿನ ವಿಷಯ ಬಂದಾಗ ಅವರು ಶಿಲುಬೆಯ ಗುರುತು ಮಾಡಿಕೊಂಡರು. ಆಮೇಲೆ ಮೂರನೆಯ ಭಾಗ ತೆರೆದು, ಪಾಠ ಮಾಡುವವರ ಹಾಗೆ ನಿಧಾನವಾಗಿ ಓದಿದರು.

ಗುಂಡು ಹಾರಲಿಲ್ಲ, ಓಡಿದ ತೋಳ ಗಂಟೆಗೋಪುರದಲ್ಲಿ ಮೂಲೆಗೆ ಬಿದ್ದಿದೆ. ಬೆಳಗಾಗುತ್ತಿದೆ. ಕೆಳಗೆ ಪೊಲೀಸರು, ಜನ, ದೀವಟಿಗೆ. ಪತ್ತೇದಾರ ಪಿಸ್ತೂಲನ್ನು ಕೆಳಗೆಸೆಯುತ್ತಾನೆ. ತೋಳನ ಮುಖವೆಲ್ಲ ರಕ್ತ. ಪತ್ತೇದಾರ ಕೈಯನ್ನು ತನ್ನ ಮುಖಕ್ಕೆ ಒಯ್ದು ಮುಸುಕು ಕಿತ್ತು ತೆಗೆಯುತ್ತಾನೆ. ಅಷ್ಟು ಜನರ ಕಣ್ಣೆದುರು, ಅಳುತ್ತಾ, ಆ ಬಟ್ಟೆಯಿಂದ ತೋಳನ ಮುಖ ಒರೆಸುತ್ತಾನೆ. ಒರೆಸಿದಲ್ಲಿ ರೋಮ ಹೋಗಿ ಚರ್ಮ ಕಾಣುತ್ತದೆ. ಮತ್ತೆ ಆರು ಚೌಕ, ಈ ಸಲ ಹಿಂದಕ್ಕೆ.

 ಉಡುಪಿಯ ಹೆಸರೂ ಕೇಳದ ಒಬ್ಬ ಮನುಷ್ಯ, ಸಮುದ್ರದಾಚೆ ಮೇಜಿನ ಮುಂದೆ ಕೂತು, ನಮ್ಮ ಹಿತ್ತಿಲನ್ನು ಬರೆದದ್ದು ಹೇಗೆ? ಇನ್ನೊಂದು ವಿಷಯವೂ ಹೊಳೆಯಿತು. ನಾನು ಜೀವನಪೂರ್ತಿ ಬೆಲೆ ಕಟ್ಟಿದವನು. ಆ ಪತ್ತೇದಾರನ ಹತ್ತಿರ ಹಗ್ಗ ಇತ್ತು, ಅಂಗಿ ಇತ್ತು, ಕೈಚೀಲ ಇತ್ತು. ಯಾವುದರಿಂದಲಾದರೂ ಒರೆಸಬಹುದಿತ್ತು. ಕೊಡಲೇಬಾರದ ಒಂದನ್ನು ಕೊಟ್ಟ. ಅದಕ್ಕೆ ಸರಿಸಮ ಯಾವುದೆಂದು ಮನಸ್ಸಿನಲ್ಲಿ ತೂಗಿ ನೋಡಿದೆ, ನನ್ನ ತಕ್ಕಡಿಯಲ್ಲಿ ಅಂಥ ಕಲ್ಲು ಇರಲಿಲ್ಲ.

ಅವತ್ತು ರದ್ದಿಯನ್ನು ಬಾಯಮ್ಮ ಹೇಳಿದ ಬೆಲೆಗೇ ತೆಗೆದುಕೊಂಡೆ. ಅವರಿಗೇ ಸಂಶಯ ಬಂದು, “ಮೈಯಲ್ಲಿ ಹುಷಾರುಂಟಲ್ಲ?” ಎಂದು ಕೇಳಿದರು.

ಅಮ್ಮನಿಗೆ ಹೇಳಿದಾಗ ಅವರು ನಂಬಲಿಲ್ಲ. “ನೀನು ನನ್ನನ್ನು ಸಮಾಧಾನ ಮಾಡುವುದು. ವ್ಯಾಪಾರದವನ ಬಾಯಿ ನಿನ್ನದು. ನನಗೆ ಕಣ್ಣಿನಿಂದ ನೋಡಬೇಕು.” ಸರಿ, ಮುಂದಿನ ಭಾನುವಾರ ಇಗರ್ಜಿಯ ಪೂಜೆ ಮುಗಿಯುವ ಹೊತ್ತಿಗೆ ಅಮ್ಮನನ್ನು ಬಸ್ಸಿನಲ್ಲಿ ಕರೆದುಕೊಂಡು ಶಿರ್ವಕ್ಕೆ ಹೋದೆ, ನನ್ನ ಎರಡು ಭಾಗ ಚೀಲದಲ್ಲಿಟ್ಟು. ಆ ಜಗಲಿಯಲ್ಲಿ ಮೊದಲ ಸಲ ಮೂರೂ ಒಟ್ಟಿಗೆ ಕೂತವು. ಆಮೇಲೆ ವರ್ಷಕ್ಕೊಮ್ಮೆ, ಅಷ್ಟಮಿ ಕಳೆದ ಭಾನುವಾರ, ಹಾಗೆಯೇ ಹೋಗಿ ಓದುವುದು ನಮ್ಮ ರೂಢಿಯೇ ಆಯಿತು. ಆದರೆ ನಾನು ಹೇಳಬೇಕಾದದ್ದು ಆ ಮೊದಲ ಸಲದ್ದು.

ಬಾಯಮ್ಮ ಕಾಫಿ ಕೊಟ್ಟು, ಮೊದಲಿನಿಂದ ಕೊನೆಯವರೆಗೆ ಓದಿದರು. ನಾನು ತುಳುವಿನಲ್ಲಿ ಹೇಳುತ್ತಾ ಬಂದೆ. ಕೊನೆಯ ಪುಟ ಬಂತು. ಡಾಕ್ಟರು ಗೆಳೆಯನ ಭುಜಕ್ಕೆ ಒರಗಿದ್ದಾನೆ, ಮನುಷ್ಯನ ಮುಖ, ಬೆಳಗಿನ ಬಿಸಿಲು. ಅಮ್ಮ ಬಗ್ಗಿ ಬಹಳ ಹೊತ್ತು ನೋಡಿದರು.

“ಒರೆಸಿದ ಅಲ್ವಾ ಅಮ್ಮ? ಈಗ ನಂಬಿಕೆ ಬಂತಾ?” ಎಂದೆ.

“ಒರೆಸಿದ್ದಾನೆ. ಒಳ್ಳೆಯ ಮನುಷ್ಯ. ಆದರೆ ಗಂಡಸು ನೋಡು, ಕಿವಿಯ ಹಿಂದೆ ಬಿಟ್ಟಿದ್ದಾನೆ.”

ಬಾಯಮ್ಮ ಪುಸ್ತಕವನ್ನು ಬೆಳಕಿಗೆ ಹಿಡಿದರು. ನಾನೂ ಬಗ್ಗಿದೆ. ಉಂಟು! ಡಾಕ್ಟರನ ಕಿವಿಯ ಹಿಂದೆ, ಕೂದಲಿಗಿಂತ ಕೆಳಗೆ, ಸಣ್ಣ ಕಪ್ಪು ಗೀರುಗಳು. ರೋಮ. ಬಾಯಮ್ಮ ಅಷ್ಟು ಸಲ ಓದಿ ಕಾಣದ್ದು, ಕಾಗದ ನೋಡಿ ಬದುಕಿದ ನನ್ನ ಕಣ್ಣಿಗೂ ಬೀಳದ್ದು. ಬರೆದವನ ಕೈ ಜಾರಿದ್ದೋ, ಬೇಕೆಂದೇ ಇಟ್ಟದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅಮ್ಮ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಆ ಚಿತ್ರದ ಕಿವಿಯ ಹಿಂದೆ ಮೆಲ್ಲಗೆ ಒರೆಸಿದರು. ಪುಟ ಮುಟ್ಟಲು ನನ್ನನ್ನು ಬಿಡದಿದ್ದ ಬಾಯಮ್ಮ, ಗಾಳಿಗೆ ಹಾರದ ಹಾಗೆ ಪುಟದ ಇನ್ನೊಂದು ಬದಿಯನ್ನು ಒತ್ತಿ ಹಿಡಿದುಕೊಂಡರು.