ಎಡಗಾಲಣ್ಣ

ಬಣ್ಣದ ಅಂಗಡಿಯ ಎಡಗಾಲಣ್ಣನಿಗೆ ಕೈಗಳಿರುವುದು ಊಟಕ್ಕೆ ಮತ್ತು ಬಿಲ್ಲು ಬರೆಯುವುದಕ್ಕೆ ಮಾತ್ರ. ಉಳಿದ ಕಾರುಬಾರೆಲ್ಲ ಎಡಗಾಲಿನದೇ. ಗೋದಾಮಿನ ಬಾಗಿಲು ದೂಡುವುದಕ್ಕೂ ಅದೇ, ಬಣ್ಣದ ಡಬ್ಬಿಯನ್ನು ಗಿರಾಕಿಯ ಕಾಲಬುಡಕ್ಕೆ ನವಿರಾಗಿ ಜಾರಿಸುವುದಕ್ಕೂ ಅದೇ. ಅವನು ಓದಿದ ಕಾಲೇಜು ಎಷ್ಟು ಚಿಕ್ಕದೆಂದರೆ, ಫುಟ್‌ಬಾಲ್ ಅಭ್ಯಾಸಕ್ಕೆ ಜನ ಸಾಲದೆ ಲೈಬ್ರರಿ ಮೇಷ್ಟರೇ ಕನ್ನಡಕ ತೆಗೆದಿಟ್ಟು ಗೋಲ್‌ಕೀಪರ್ ಆಗಿ ನಿಲ್ಲುತ್ತಿದ್ದರು. ಅಂಥ ಕಾಲೇಜು ದೊಡ್ಡ ಕಾಲೇಜಿಗೆ ಮಣ್ಣು ಮುಕ್ಕಿಸಿದ್ದು ಇವನ ಎಡಗಾಲಿನ ಒಂದೇ ಒಂದು ಗೋಲಿನಿಂದ. ಅವತ್ತು ಗೋಲಿನ ಹತ್ತಿರದಿಂದಲೇ ಹೊಡೆದದ್ದು. ಇವನು ಹೇಳಿ ಹೇಳಿ ಆ ಜಾಗ ಹಿಂದೆ ಸರಿದು ಈಗ ಮೈದಾನದ ನಡುಗೆರೆ ದಾಟಿದೆ. "ಇನ್ನೆರಡು ವರ್ಷ ಹೋದ್ರೆ ಕಾಲೇಜಿನ ಗೇಟಿಂದಾನೇ ಹೊಡೆದಿರ್ತಾರೆ ಬಿಡಿ," ಎನ್ನುತ್ತಾಳೆ, ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಹೆಂಡತಿ. ಸಂಜೆ ಅಂಗಡಿ ಮುಚ್ಚಿ ಇಬ್ಬರೂ ಮನೆಗೆ ನಡೆಯುವ ದಾರಿಯಲ್ಲಿ ಅದೇ ಮೈದಾನ. ಚೆಂಡು ಬೇಲಿ ಹಾರಿ ರಸ್ತೆಗೆ ಬಿದ್ದರೆ, "ಅಣ್ಣಾ, ಸ್ವಲ್ಪ ಒದೀರಿ," ಎಂದು ಆಡುವವರು ಕೂಗುತ್ತಾರೆ. ಎಡಗಾಲಣ್ಣ ಬಗ್ಗಿ ಚೆಂಡನ್ನು ಎರಡೂ ಕೈಯಲ್ಲಿ ಎತ್ತಿ, ಧೂಳು ಒರೆಸಿ, ಹಳೆಯ ಗೆಳೆಯನನ್ನು ಬೀಳ್ಕೊಡುವವನಂತೆ ತುಸು ಹೊತ್ತು ಹಿಡಿದಿಟ್ಟುಕೊಂಡು, ಬೇಲಿಯಾಚೆ ಎಸೆಯುತ್ತಾನೆ. "ಡಬ್ಬಿ ಒದೀತೀರಿ, ಬಾಗಿಲು ಒದೀತೀರಿ, ಚೆಂಡು ಮಾತ್ರ ಯಾಕೆ ಒದಿಯಲ್ಲ?" ಎಂದು ಹೆಂಡತಿ ಒಂದು ದಿನ ಕೇಳಿಯೇಬಿಟ್ಟಳು. ಅವನು ಅಂಗೈಗೆ ಅಂಟಿದ ಧೂಳು ಕೊಡವಿಕೊಂಡ. ಆಮೇಲೆ ಹೇಳಿದ: "ಅಕಸ್ಮಾತ್ ಗುರಿ ತಪ್ಪಿದ್ರೆ, ಆ ಗೋಲು ಹೊಡೆದೋನು ನಾನೇ ಅಂತ ನನಗೇ ನಂಬಿಕೆ ಬರಲ್ಲ ಕಣೇ."