ಹೋಗಿ ಬರ್ತೀನಿ ಅನ್ನುವ ಚಟ

ನನಗೊಂದು ಚಟವಿದೆ. ಬೀಡಿ, ಇಸ್ಪೀಟಿನದಲ್ಲ; ಎಲ್ಲಿಂದ ಹೊರಟರೂ ಕೈಮುಗಿದು "ಹೋಗಿ ಬರ್ತೀನಿ" ಅನ್ನುವ ಚಟ. ಹಲಸೂರಿನ ನಮ್ಮ ಮನೆಯಲ್ಲಿ ಬರೀ "ಹೋಗ್ತೀನಿ" ಅಂದರೆ ಅಜ್ಜಿ "ಬಿಡ್ತು ಅನ್ನೋ" ಎಂದು ಗದರುತ್ತಿದ್ದಳು. ಹೀಗಾಗಿ ಹಲ್ಲು ಕಿತ್ತ ಡಾಕ್ಟರಿಗೂ ಹೋಗಿ ಬರ್ತೀನಿ ಅಂದವನು ನಾನು. ಸಾವಿನ ಮನೆಯಲ್ಲಿ ಮಾತ್ರ ಹಾಗೆನ್ನಬಾರದು. ಅಲ್ಲಿ ಸುಮ್ಮನೆ ಎದ್ದು ಬರಬೇಕು. ಬಂದು ತಲೆಗೆ ನೀರು ಹಾಕಿಕೊಳ್ಳಬೇಕು.

ಈ ಚಟ ಹೊತ್ತುಕೊಂಡೇ ಹೆಂಡತಿ ಶಾಂತಳೊಂದಿಗೆ ಕಾಂಬೋಡಿಯಾದ ರಾಜಧಾನಿ ಫ್ನೋಮ್ ಪೆನ್‌ಗೆ ಹೋದೆ. ಅವರ ಹೆಸರಾಂತ ದೇಗುಲಗಳ ಊರು ಅಂಗ್ಕೋರ್; ಆ ಹೆಸರು ನಮ್ಮ 'ನಗರ' ಅನ್ನುವ ಮಾತೇ ಸವೆದು ಆದದ್ದಂತೆ. ಇಂದಿರಾನಗರ ಸವೆದರೆ ಏನಾದೀತೋ ಎಂದು ಯೋಚಿಸುತ್ತಾ ಅರಮನೆ ಸುತ್ತಿದೆ. ಬೆಳ್ಳಿ ನೆಲದ ಬುದ್ಧಮಂದಿರದಲ್ಲಿ ಶಾಂತ ಬಗ್ಗಿ ನೋಡಿ, "ಇಷ್ಟು ಬೆಳ್ಳಿ ಉಜ್ಜೋರು ಯಾರ್ರೀ?" ಅಂದಳು. ಬುದ್ಧನಿಗೂ ಕಾವಲುಗಾರನಿಗೂ ಹೋಗಿ ಬರ್ತೀನಿ ಹೇಳಿ ಹೊರಟೆ.

ಮಾರನೆಯ ದಿನ ಹೋದದ್ದು ಒಂದು ಹಳೇ ಶಾಲೆಗೆ. ಅಲ್ಲಿನ ಆಳುವವರು ಒಂದು ಕಾಲದಲ್ಲಿ ಅದನ್ನು ಸೆರೆಮನೆ ಮಾಡಿ, ತಮ್ಮದೇ ಜನರನ್ನು ಕೂಡಿಹಾಕಿ, ಒಬ್ಬೊಬ್ಬರದೂ ಫೋಟೋ ತೆಗೆದು, ಆಮೇಲೆ ಕೊಂದರು. ಈಗ ಗೋಡೆ ತುಂಬಾ ಆ ಮುಖಗಳು. ನನಗೆ ನೋಡಲಾಗಲಿಲ್ಲ. ಶಾಂತ ಮಾತ್ರ ಒಂದೊಂದು ಮುಖದೆದುರೂ ನಿಂತಳು.

ಯಾಕೆಂದು ನನಗೆ ಗೊತ್ತಿತ್ತು. ರಾಮಮೂರ್ತಿ ನಗರದಲ್ಲಿದ್ದ ಅವಳ ಅಣ್ಣ ಕೊರೋನಾದಲ್ಲಿ ಹೋದಾಗ ಆಸ್ಪತ್ರೆಯವರು ನಮಗ್ಯಾರಿಗೂ ಮುಖ ತೋರಿಸಲಿಲ್ಲ. ಆಮೇಲೆ ಅವಳು ಆ ಮನೆಯ ಹೊಸಿಲು ತುಳಿದಿರಲಿಲ್ಲ. ಅತ್ತಿಗೆ ಕರೆದಾಗಲೆಲ್ಲ ಮಂಡಿ ನೋವು, ಇಲ್ಲವೇ ಕುಕ್ಕರ್ ರಿಪೇರಿ. ಅಳಲೂ ಇಲ್ಲ.

ಹೊರಗೆ ಬರುವಾಗ ನನ್ನ ಕೈ ತಾನಾಗಿ ಮುಗಿಯಿತು. ಬಾಯಿ ಸುಮ್ಮನಿರಬೇಕಲ್ಲ! ಆ ಗೋಡೆಗೆ "ಹೋಗಿ ಬರ್ತೀನಿ" ಅಂದುಬಿಟ್ಟೆ. ಅಯ್ಯೋ ಎಂದು ನಾಲಗೆ ಕಚ್ಚಿಕೊಂಡು, ಬೈಗುಳಕ್ಕೆ ಕಾದೆ.

"ಇರ್ಲಿ ಬಿಡಿ. ಇವ್ರಿಗೆ ಯಾರಾದ್ರೂ ಹೇಳಿದ್ರೋ ಇಲ್ವೋ," ಅಂದಳು ಶಾಂತ. ಆಮೇಲೆ, "ಅಷ್ಟು ದೂರದಿಂದ ಬಂದು ಯಾರ್ಯಾರದೋ ಮುಖ ನೋಡಿದೆ ಕಣ್ರೀ. ನಮ್ಮಣ್ಣನ ಫೋಟೋಗೆ ಹಾರ ಹಾಕಿದ್ದನ್ನ ಮಾತ್ರ ನೋಡಿಲ್ಲ," ಎಂದು ಅಲ್ಲೇ ಮರದಡಿ ಕೂತು ಜೋರಾಗಿ ಅತ್ತಳು. ನನಗೆ ಸಂಕಟವೂ ಆಯಿತು, ಸಮಾಧಾನವೂ ಆಯಿತು.

ಊರಿಗೆ ಬಂದ ಭಾನುವಾರವೇ ರಾಮಮೂರ್ತಿ ನಗರ. ಹಾಲ್‌ನಲ್ಲಿದ್ದ ಅಣ್ಣನ ಫೋಟೋ ಎದುರು ಅವಳು ಬಹಳ ಹೊತ್ತು ನಿಂತಳು. ಅತ್ತಿಗೆ ಉಪ್ಪಿಟ್ಟು ಕೊಟ್ಟರು, ಇಬ್ಬರೂ ಸೇರಿ ಅತ್ತರು, ಅಣ್ಣನ ಗೊರಕೆ ನೆನೆದು ನಕ್ಕರು. ಹೊರಡುವಾಗ ನನಗೆ ಪೇಚಿಗಿಟ್ಟುಕೊಂಡಿತು. ಹೇಳಬೇಕೋ, ಬಾರದೋ?

ಚಪ್ಪಲಿ ಮೆಟ್ಟಿದ ಶಾಂತ ತಿರುಗಿ, "ಹೋಗಿ ಬರ್ತೀನಿ ಅತ್ತಿಗೆ," ಅಂದಳು.

"ಬಾಮ್ಮ," ಅಂದರು ಅವರು.

ಮನೆ ಸೇರಿದ ಮೇಲೆ, ಯಾವುದಕ್ಕೂ ಇರಲಿ ಅಂತ, "ಗೀಸರ್ ಹಾಕ್ಲೇನೇ?" ಎಂದು ಕೇಳಿದೆ.

"ಯಾಕ್ರೀ, ಬೆಳಿಗ್ಗೆ ಸ್ನಾನ ಮಾಡ್ಲಿಲ್ವಾ?" ಅಂದಳು.